ಸಾಧಕರ ಮಾತುಗಳು ನಿಜವಾಗಿ ಬದುಕಿಗೆ ಉಪಯೋಗಕ್ಕೆ ಬರುತ್ತವಾ?

ಪರೀಕ್ಷೆ ಎರಡು ಸಲ ಕೈಕೊಟ್ಟಿದೆ, ದೊಡ್ಡವರ ಮಾತು ಓದಿದರೆ ಒಂದು ದಿನ ಹುರುಪು, ಮರುದಿನ ಮತ್ತೆ ಅದೇ ಮಂಕು ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು, ಯಾಕೆಂದರೆ ನಾನೂ ಅಲ್ಲಿದ್ದವನೇ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವಾಗ ನನ್ನ ನೋಟ್‌ಬುಕ್ಕಿನ ಮೊದಲ ಪುಟದ ತುಂಬ ಇಂಥ ಮಾತುಗಳಿದ್ದವು. ಮೂರನೇ ಸಲವೂ ಪಟ್ಟಿಯಲ್ಲಿ ಹೆಸರು ಬರದಿದ್ದಾಗ ಅದರಲ್ಲಿ ಒಂದು ಸಾಲೂ ಕೈಹಿಡಿಯಲಿಲ್ಲ.

ಕೈಹಿಡಿದದ್ದು ಒಂದು ಲೆಕ್ಕ. ರಾಹುಲ್ ದ್ರಾವಿಡ್ ಒಂದು ಭಾಷಣದಲ್ಲಿ ಸೋಲಿನ ಬಗ್ಗೆ ಮಾತಾಡುತ್ತಾ ತಮ್ಮದೇ ಅಂಕಿ ಮುಂದಿಟ್ಟಿದ್ದರು. 604 ಸಲ ಬ್ಯಾಟ್ ಹಿಡಿದು ಇಳಿದಿದ್ದೇನೆ, ಅದರಲ್ಲಿ 410 ಸಲ ಐವತ್ತು ಮುಟ್ಟಿಲ್ಲ ಅಂತ. ನಂಬಲಿಕ್ಕಾಗಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನಾನೇ ಕೂಡಿಸಲು ಕೂತೆ. ಟೆಸ್ಟ್‌ನಲ್ಲಿ 286 ಇನಿಂಗ್ಸ್, ಏಕದಿನದಲ್ಲಿ 318. ಶತಕ 36 ಮತ್ತು 12. ಅರ್ಧಶತಕ 63 ಮತ್ತು 83. ಎಲ್ಲ ಸೇರಿ 194. ಕಳೆದರೆ ಸರಿಯಾಗಿ 410! ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಮ್ಮ, ಏನೋ ಅದು ಅಂದರು. ಹೇಳಿದೆ. "ಅಷ್ಟು ಸಲ ಬೇಗ ಔಟಾಗಿದ್ದಾನಾ? ನಮಗೆ ಅವನು ನಿಂತು ಆಡಿದ್ದೇ ನೆನಪು" ಅಂದರು.

ಅಂದು ರಾತ್ರಿ ನಿದ್ದೆ ಬಂತು, ತುಂಬ ದಿನಗಳ ಮೇಲೆ.

ಆಮೇಲೆ ಸಾಧಕರು ಏನು ಹೇಳಿದರು ಅನ್ನೋದಕ್ಕಿಂತ, ಪೆಟ್ಟು ಬಿದ್ದ ಮೇಲೆ ಏನು ಮಾಡಿದರು ಅಂತ ಹುಡುಕತೊಡಗಿದೆ. ಅಬ್ದುಲ್ ಕಲಾಂ ವಾಯುಪಡೆಯ ಆಯ್ಕೆಗೆ ಡೆಹ್ರಾಡೂನ್‌ಗೆ ಹೋಗಿದ್ದರು. 25 ಜನರಲ್ಲಿ ಎಂಟು ಜನಕ್ಕೆ ಕೆಲಸ, ಇವರು ಒಂಬತ್ತನೆಯವರು. ಒಂದೇ ಒಂದು ಸ್ಥಾನ, ಹೊಟ್ಟೆ ಉರಿಯುತ್ತೆ ಅಲ್ವಾ? 2006ರಲ್ಲಿ, 74ನೇ ವಯಸ್ಸಿನಲ್ಲಿ, ರಾಷ್ಟ್ರಪತಿಯಾಗಿ ಪುಣೆಯಲ್ಲಿ ವಾಯುಪಡೆಯದೇ ಸುಖೋಯ್ ಯುದ್ಧವಿಮಾನ ಹತ್ತಿ ಹಾರಿದರು.

ಆದರೆ ನನಗೆ ಎಲ್ಲರಿಗಿಂತ ಹತ್ತಿರದವರು ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು, ಶಾಲೆಯ ಮುಖ ನೋಡದವರು. ಒಮ್ಮೆ ವಿದೇಶಿ ದಂಪತಿ ಬಂದು ಇಂಗ್ಲಿಷ್‌ನಲ್ಲಿ ಹಣ್ಣಿನ ಬೆಲೆ ಕೇಳಿದರು. ಇವರಿಗೆ ಅರ್ಥವಾಗಲಿಲ್ಲ, ಅವರು ಹೊರಟುಹೋದರು. ನಾವಾಗಿದ್ದರೆ ಮನೆಗೆ ಬಂದು ಮರೆತುಬಿಡುತ್ತಿದ್ದೆವೇನೋ. ಇವರಿಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ತಮ್ಮೂರ ಮಕ್ಕಳಿಗೆ ಈ ಗತಿ ಬರಬಾರದು ಅಂತ ಕಿತ್ತಳೆ ದುಡ್ಡು ಕೂಡಿಟ್ಟು, ಕಚೇರಿ ಕಚೇರಿ ಅಲೆದು, ನ್ಯೂಪಡ್ಪುವಿನಲ್ಲಿ 28 ಮಕ್ಕಳಿಂದ ಶಾಲೆ ಶುರು ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಸುದ್ದಿ ಬಂದಾಗ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಪ್ರಶಸ್ತಿ ತೆಗೆದುಕೊಳ್ಳಲು ಬರಿಗಾಲಲ್ಲೇ ನಡೆದುಹೋದರು. ಆ ವಿಡಿಯೋ ಈಗ ನೋಡಿದರೂ ನನ್ನ ಕಣ್ಣು ತುಂಬುತ್ತೆ.

ನಾನು ಬಯಸಿದ ಕೆಲಸ ನನಗೆ ಸಿಗಲಿಲ್ಲ. ಈಗ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಆ ಕ್ಯಾಲೆಂಡರ್ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ನೀವು ಇನ್ನೂ ಎರಡನೇ ಸಲದಲ್ಲಿದ್ದೀರಿ. ಮುಂದಿನ ಪರೀಕ್ಷೆ ಯಾವಾಗ, ಯಾವ ವಿಷಯದಲ್ಲಿ ಅಂಕ ಕಡಿಮೆ ಬಂತು ಅಂತ ಕೆಳಗೆ ಬರೆಯಿರಿ. ನನ್ನ ಹತ್ತಿರ ಐದು ವರ್ಷದ ಹಳೇ ಪ್ರಶ್ನೆಪತ್ರಿಕೆಗಳಿವೆ, ಕಳಿಸಿಕೊಡುತ್ತೇನೆ.