ಚಿಯಾಂಗ್ ಮಾಯ್ ಅಗ್ಗ ಅಂತ ಹೇಳಿದ್ದು ಯಾರು?

ಪ್ರಶ್ನೆ: ನನಗೆ 29 ವರ್ಷ. ಊರು ಹಾಸನ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ, ಪೂರ್ತಿ ಮನೆಯಿಂದಲೇ. ತಿಂಗಳಿಗೆ 1.3 ಲಕ್ಷ ಕೈಗೆ ಬರುತ್ತದೆ. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಒಂದು ಬೆಡ್‌ರೂಮಿನ ಮನೆಗೆ 27,000 ಬಾಡಿಗೆ ಕಟ್ಟಿ ಗೋಡೆ ನೋಡಿಕೊಂಡು ಕೂತಿದ್ದೇನೆ. ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಇದಕ್ಕಿಂತ ಕಡಿಮೆ ಖರ್ಚಲ್ಲಿ ಇರಬಹುದಂತೆ. ಆರು ತಿಂಗಳು ಹೋಗಿದ್ದು ಸ್ವಲ್ಪ ದುಡ್ಡೂ ಉಳಿಸಬಹುದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಹೋಗಬಹುದು. ಉಳಿಸೋದು ಮಾತ್ರ ಕಷ್ಟ.

ಚಿಯಾಂಗ್ ಮಾಯ್ ಅಗ್ಗ ಅಂತ ಊರೆಲ್ಲ ಸಾರಿದವರು ಯಾರು ಹೇಳಿ? ಲಂಡನ್‌ನಲ್ಲೋ ಸ್ಯಾನ್ ಫ್ರಾನ್ಸಿಸ್ಕೋದಲ್ಲೋ ಬಾಡಿಗೆ ಕಟ್ಟಿ ಸುಸ್ತಾದವರು. ಡಾಲರ್ ಎಣಿಸುವವರಿಗೆ ಅದು ಅಗ್ಗವೇ. ನಾವು ಎಣಿಸೋದು ರೂಪಾಯಿ. ನಾನು ಅಲ್ಲಿ ಎಂಟು ತಿಂಗಳು ಇದ್ದೆ, ಖರ್ಚು ಬರೆದಿಟ್ಟ ಪುಸ್ತಕ ಈಗಲೂ ಇದೆ, ಅದನ್ನೇ ನೋಡಿ ಹೇಳ್ತೀನಿ. ಒಂದೇ ಕೋಣೆಯ ಸ್ಟುಡಿಯೋಗೆ ತಿಂಗಳಿಗೆ 11,000 ಬಾತ್ (ಖಾರಾಬಾತ್ ಅಲ್ಲ, ಅಲ್ಲಿನ ದುಡ್ಡು). ಕರೆಂಟು, ನೀರು ಬೇರೆ. ಮಾಲೀಕರು ಯೂನಿಟ್‌ಗೆ ಸರ್ಕಾರದ ದರಕ್ಕಿಂತ ಜಾಸ್ತಿ ಹಾಕ್ತಾರೆ, ಎಸಿ ಹಾಕಿದಷ್ಟೂ ಏಟು. ಬೀದಿ ಬದಿ ಊಟ 50–60 ಬಾತ್‌ಗೆ ಸಿಗುತ್ತದೆ, ಆದರೆ ಮನುಷ್ಯ ದಿನಾ ಬೀದಿಯಲ್ಲೇ ತಿನ್ನಲ್ಲ, ಕಾಫಿಗೆ ಅಂತ ಕೂತರೆ ನಿಮ್ಮನ್ ಅನ್ನೋ ಕೆಫೆಗಳ ಏರಿಯಾದಂಥ ಕಡೆ ಒಂದು ಲೋಟಕ್ಕೆ ಒಂದು ಊಟದ ದುಡ್ಡು ಹೋಗುತ್ತದೆ. ಸ್ಕೂಟರ್ ಬಾಡಿಗೆ, ಕೂತು ಕೆಲಸ ಮಾಡೋಕೆ ಜಾಗ, ವಿಮೆ, ಬಟ್ಟೆ ಒಗೆಸೋದು, ಎಲ್ಲ ಸೇರಿ ತಿಂಗಳಿಗೆ ಮೂವತ್ತು ಸಾವಿರ ಬಾತ್ ದಾಟುತ್ತಿತ್ತು. ನಮ್ಮ ಲೆಕ್ಕದಲ್ಲಿ 80,000 ರೂಪಾಯಿಗೆ ಮೇಲೆ. ಹಾಸನದಲ್ಲಿ ಅಮ್ಮನ ಮನೆಯಲ್ಲಿ ಕೂತು ಕೆಲಸ ಮಾಡಿದರೆ ಎಷ್ಟಾಗುತ್ತದೆ? ಉಳಿಸೋದೇ ಉದ್ದೇಶ ಅಂದ್ರೆ ಅಲ್ಲಿಗೇ ಬಸ್ ಹತ್ತಿ.

ಇಷ್ಟು ಹೇಳಿದ ಮೇಲೂ ನಾನು ಹೋಗಿ ಅಂತಲೇ ಅಂತೀನಿ, ಕಾರಣ ಬೇರೆ. ಗಡಿಯಾರ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಬೆಂಗಳೂರಿನ ಹತ್ತು ಗಂಟೆಯ ಮೀಟಿಂಗ್ ಅಲ್ಲಿ ಹನ್ನೊಂದೂವರೆಗೆ. ಬೆಳಗ್ಗೆ ಕೋಟೆ ಕಂದಕದ ಸುತ್ತ ಒಂದು ಸುತ್ತು ನಡೆದು, ತಿಂಡಿ ತಿಂದು, ಸ್ನಾನ ಮಾಡಿ ಕೂತರೂ ಇನ್ನೂ ಟೈಮ್ ಇರುತ್ತದೆ. ಯುರೋಪಿಗೆ ಹೋದವರಿಗೆ ಈ ಸುಖ ಇಲ್ಲ, ಅವರು ನಸುಕಿಗೇ ಎದ್ದು ಕೂರಬೇಕು. ನಿಮ್ಮ ಕ್ಲೈಂಟ್ ಅಮೆರಿಕದವರಾದರೆ ಮಾತ್ರ ಯೋಚನೆ ಮಾಡಿ, ಇಲ್ಲಿಯ ರಾತ್ರಿ ಒಂಬತ್ತರ ಕಾಲ್ ಅಲ್ಲಿ ಹತ್ತೂವರೆಗೆ ಬರುತ್ತದೆ.

ವೀಸಾ ವಿಷಯ. ಪ್ರವಾಸಿಗಳ ಹಾಗೆ ಹೋಗಿ ಲ್ಯಾಪ್‌ಟಾಪ್ ತೆರೆಯುವವರು ತುಂಬಾ ಜನ. ನೀವು ಹಾಗೆ ಮಾಡಬೇಡಿ. 2024ರ ಜುಲೈನಲ್ಲಿ ಥಾಯ್ಲೆಂಡ್ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ಅನ್ನೋ ವೀಸಾ ಶುರು ಮಾಡಿತು, ಬೇರೆ ದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೂ ಅದು ಸಿಗುತ್ತದೆ. ಐದು ವರ್ಷ ಚಾಲ್ತಿ, ಒಂದು ಸಲ ಹೋದರೆ 180 ದಿನ. ಅರ್ಜಿಯನ್ನು ಇಲ್ಲಿಂದಲೇ ಹಾಕಬೇಕು, ಅಲ್ಲಿಗೆ ಹೋದ ಮೇಲೆ ಅಲ್ಲ. ಶುಲ್ಕ ಸುಮಾರು 10,000 ಬಾತ್. ನಿಜವಾದ ಅಡ್ಡಿ ಅಂದ್ರೆ ಖಾತೆಯಲ್ಲಿ 5 ಲಕ್ಷ ಬಾತ್ ಇದೆ ಅಂತ ತೋರಿಸಬೇಕು. ಹದಿಮೂರು–ಹದಿನಾಲ್ಕು ಲಕ್ಷ ರೂಪಾಯಿ ಅದು. ಖರ್ಚು ಮಾಡಬೇಕಿಲ್ಲ, ಇರಬೇಕು ಅಷ್ಟೇ. ಇಲ್ಲ ಅಂದ್ರೆ ಈ ವರ್ಷ ಕೂಡಿಡಿ, ಮುಂದಿನ ವರ್ಷ ಹೋಗಿ.

ಇನ್ನೊಂದು ಗೆರೆ ಯಾರೂ ಹೇಳಲ್ಲ. ವೀಸಾ ಕೊಡೋದೂ 180 ದಿನ, ಅಲ್ಲಿನ ತೆರಿಗೆಯವರು ನಿಮ್ಮನ್ನು ತಮ್ಮವರು ಅಂತ ಲೆಕ್ಕ ಹಿಡಿಯೋದೂ ಜನವರಿಯಿಂದ ಡಿಸೆಂಬರ್ ಒಳಗೆ 180 ದಿನ ಇದ್ದರೆ. 2024ರಿಂದ, ಹಾಗೆ ಇದ್ದವರು ಹೊರಗಿನ ಸಂಪಾದನೆಯನ್ನು ಥಾಯ್ಲೆಂಡ್‌ಗೆ ತಂದರೆ ಅದೂ ಅವರ ಲೆಕ್ಕಕ್ಕೆ ಬರುತ್ತದೆ. ನಾನು ಆಗಸ್ಟ್‌ನಲ್ಲಿ ಹೋಗಿ ಮಾರ್ಚ್ ಕೊನೆಗೆ ವಾಪಸ್ ಬಂದೆ, ಯಾವ ವರ್ಷದಲ್ಲೂ 180 ಆಗಲಿಲ್ಲ. ಸಂಬಳ ಇಲ್ಲಿನ ಖಾತೆಗೇ ಬಂತು, ಟಿಡಿಎಸ್ ಇಲ್ಲೇ ಹೋಯಿತು. ತೆರಿಗೆಗೆ ನೀವು ಭಾರತದ ನಿವಾಸಿಯೋ ಅಲ್ಲವೋ ಅಂತ ನೋಡೋಕೆ ಇಲ್ಲಿ 182 ದಿನದ ಲೆಕ್ಕವೂ ಇದೆ, ಹೊರಡುವ ಮುಂಚೆ ಒಬ್ಬ ಸಿಎ ಹತ್ತಿರ ಕೂತು ನಿಮ್ಮ ತಾರೀಖುಗಳನ್ನು ತೋರಿಸಿ.

ಮನೆ ಹಿಡಿಯುವಾಗ ಬಾಡಿಗೆಗಿಂತ ಮೊದಲು ಟಿಎಂ 30 ಬಗ್ಗೆ ಕೇಳಿ. ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕು, ಆ ಫಾರಂ ಅದು. ನಮ್ಮ ಮಾಲೀಕರು ಬಹಳ ಒಳ್ಳೆಯ ಹೆಂಗಸು, ವಾರಕ್ಕೊಂದು ಸಲ ಹಣ್ಣು ತಂದು ಕೊಡೋರು, ಆದರೆ ಆ ಫಾರಂ ಮಾತ್ರ ಹಾಕಿರಲಿಲ್ಲ. ಆರು ತಿಂಗಳು ಮುಗಿಯುವ ಮುಂಚೆ ನಾನು ಅವಧಿ ವಿಸ್ತರಿಸಿಕೊಳ್ಳೋಕೆ ಹೋಗಿ ಅರ್ಧ ದಿನ ಕ್ಯೂ ನಿಂತ ಮೇಲೆ ಅದಿಲ್ಲದೆ ಆಗಲ್ಲ ಅಂತ ವಾಪಸ್ ಕಳಿಸಿದರು. ಹಣ್ಣು ಬೇಡ, ಫಾರಂ ಕೊಡಿ ಅಂತ ಹೇಳೋ ಅಷ್ಟು ಥಾಯ್ ನನಗೆ ಬರ್ತಿರಲಿಲ್ಲ.

ಮಾರ್ಚ್‌ಗೇ ಯಾಕೆ ಬಂದೆ ಅಂದ್ರೆ ಹೊಗೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಬೆಟ್ಟಗಳಲ್ಲಿ, ಹೊಲಗಳಲ್ಲಿ ಬೆಂಕಿ ಹಾಕ್ತಾರೆ. ಊರು ಇರೋದು ಬಟ್ಟಲಿನಂಥ ಕಣಿವೆಯಲ್ಲಿ, ಹೊಗೆ ಹೋಗೋಕೆ ದಾರಿಯಿಲ್ಲ. ದೊಯಿ ಸುತೇಪ್ ಬೆಟ್ಟ ಕಿಟಕಿಯಿಂದ ಮಾಯವಾಯಿತು ಅಂದ್ರೆ ಟಿಕೆಟ್ ಬುಕ್ ಮಾಡಿ. ನೀವು ಹೋಗೋದಾದ್ರೆ ಆಗಸ್ಟ್–ಸೆಪ್ಟೆಂಬರ್‌ಗೆ ಹೋಗಿ ಜನವರಿ ಕೊನೆಗೆ ಬನ್ನಿ. ಹೋದ ಮೊದಲ ತಿಂಗಳು ಮುಂಗಡ ಬಾಡಿಗೆ, ಎರಡು ತಿಂಗಳ ಡೆಪಾಸಿಟ್, ಚಾದರ, ಬಕೆಟ್ಟು ಅಂತ ಕೈ ಖಾಲಿಯಾಗುತ್ತದೆ. ತಿಂಗಳಿಗೊಂದು ಊರು ಬದಲಿಸುವವರಿಗೆ ಪ್ರತಿ ತಿಂಗಳೂ ಮೊದಲ ತಿಂಗಳೇ.

ಪ್ರಶ್ನೆ: ಮಗಳು ಆರು ತಿಂಗಳು ಥಾಯ್ಲೆಂಡ್‌ಗೆ ಹೋಗ್ತೀನಿ ಅಂತಾಳೆ. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆಯೂ ಇಲ್ಲ. ಅಲ್ಲಿ ಏನು ತಿಂತಾಳೋ ಅನ್ನೋದೇ ಚಿಂತೆ.
– ಒಬ್ಬ ತಾಯಿ, ಶಿರಸಿ

ಉತ್ತರ: ಅಮ್ಮಾ, ಅವಳಿಗೆ ಒಂದೇ ಒಂದು ಶಬ್ದ ಕಲಿಸಿ ಕಳಿಸಿ: ಜೇ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ, ನಮ್ಮ ಕಣ್ಣಿಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ಚೀನೀ ಬೌದ್ಧರ ಪದ್ಧತಿಯ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಮ್ಮ ಮನೆಯ ಹಬ್ಬದ ಅಡುಗೆಗಿಂತ ಮಡಿ. ನಮ್ಮ ನವರಾತ್ರಿಯ ಸುಮಾರಿಗೆ ಒಂಬತ್ತು ದಿನ ಊರಿಗೂರೇ ಇದನ್ನು ತಿನ್ನುತ್ತದೆ.

ಸಸ್ಯಾಹಾರಕ್ಕೆ ಅವರ ಭಾಷೆಯಲ್ಲಿ 'ಮಂಗ್‌ಸವಿರತ್' ಅಂತಾರೆ, ನಮ್ಮ ಮಾಂಸವಿರತಿಯೇ ಅಲ್ಲಿಗೆ ಹೋಗಿ ಹಾಗಾಗಿರೋದು. ಆದರೆ ಹಾಗಂತ ಕೇಳಿದರೆ ಮೊಟ್ಟೆ ಬರಬಹುದು, ಅದಕ್ಕೇ ಜೇ ಅಂತಲೇ ಕೇಳಲಿ. ಮಾಮೂಲಿ ಹೋಟೆಲ್‌ನಲ್ಲಿ ಬರೀ ತರಕಾರಿ ಅಂದರೂ ನಾಮ್ ಪ್ಲಾ ಅನ್ನೋ ಮೀನಿನ ರಸ ಸುರಿದಿರ್ತಾರೆ, ಪಪ್ಪಾಯಿ ಕೋಸಂಬರಿಯಲ್ಲಿ ಒಣ ಸೀಗಡಿ ಇರುತ್ತದೆ. ಹುಣಸೆಹಣ್ಣು, ತೆಂಗಿನಕಾಯಿ, ಅಕ್ಕಿ ಅಲ್ಲೇ ಧಾರಾಳ. ನೀವು ಸಾರಿನ ಪುಡಿ, ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಕಳಿಸಿ, ಯಾಕಂದ್ರೆ ಆ ಸ್ಟುಡಿಯೋಗಳಲ್ಲಿ ಬಹಳಷ್ಟಕ್ಕೆ ಅಡುಗೆಮನೆಯೇ ಇರಲ್ಲ. ಏಪ್ರಿಲ್‌ನಲ್ಲಿ ಅಲ್ಲೇ ಇದ್ದರೆ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಬರುತ್ತದೆ, ಸಂಕ್ರಾಂತಿ ಅನ್ನೋದರದ್ದೇ ಬೇರೆ ಉಚ್ಚಾರ, ಕರಾವಳಿಯವರ ಬಿಸು ಹಬ್ಬದ ಹೊತ್ತಿಗೇ. ಬೀದಿಯಲ್ಲಿ ಎಲ್ಲರೂ ನೀರು ಎರಚ್ತಾರೆ. ಲ್ಯಾಪ್‌ಟಾಪ್ ಹಿಡಿದು ಹೊರಗೆ ಹೋಗಬೇಡ ಅನ್ನಿ.

ಪ್ರಶ್ನೆ: ಆಫೀಸಿಗೆ ಹೇಳದೆ ಹೋಗಿ, ಇರುವ ಜಾಗ ಮರೆಮಾಡೋಕೆ ವಿಪಿಎನ್ ಹಾಕಿಕೊಂಡರೆ ಗೊತ್ತಾಗುತ್ತಾ?
– ಮೈಸೂರು

ಉತ್ತರ: ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಅವರದ್ದು. ಗೊತ್ತಾಗದಿದ್ದರೂ, ಕ್ಲೈಂಟ್ ಡೇಟಾ ದೇಶದ ಹೊರಗೆ ಹೋಗಬಾರದು ಅಂತ ಒಪ್ಪಂದ ಇದ್ದರೆ ಕೆಲಸ ಹೋಗೋದು ನಿಮ್ಮದೇ. ಡಿಟಿವಿಗೆ ಹೇಗೂ ಕಂಪನಿಯ ಪತ್ರ ಬೇಕು, ಕೇಳಿಬಿಡಿ. ಹೋಗೋದಾದರೆ ಬ್ಯಾಂಕಿಗೆ ಕೊಟ್ಟ ಸಿಮ್‌ಗೆ ರೀಚಾರ್ಜ್ ಮಾಡಿ, ರೋಮಿಂಗ್ ಆನ್ ಮಾಡಿಸಿಕೊಂಡೇ ಹೊರಡಿ. ಒಟಿಪಿ ಬರದೆ ಒದ್ದಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಫ್ರೀಲ್ಯಾನ್ಸ್ ವೆಬ್ ಡಿಸೈನರ್, ವರ್ಷಕ್ಕೆ ಸುಮಾರು 13 ಲಕ್ಷ ದುಡಿಮೆ. ಮಲೇಷ್ಯಾನೋ ವಿಯೆಟ್ನಾಮೋ? ವಿಯೆಟ್ನಾಂನಲ್ಲಿ ಬೈಕ್ ಮೇಲೆ ಸುತ್ತೋ ಆಸೆ ಇದೆ.
– ಹುಬ್ಬಳ್ಳಿ

ಉತ್ತರ: ದೂರದಿಂದ ಕೆಲಸ ಮಾಡುವವರಿಗೆ ಮಲೇಷ್ಯಾ ಕೊಡುವ ಡಿಇ ರಂತಾವ್ ಪಾಸ್‌ಗೆ ನಿಮ್ಮಂಥ ಡಿಜಿಟಲ್ ಕೆಲಸದವರ ಆದಾಯ ವರ್ಷಕ್ಕೆ 24,000 ಡಾಲರ್ ಇರಬೇಕು. ನಿಮ್ಮದು ಅಲ್ಲಿಗೆ ಮುಟ್ಟಲ್ಲ. ವಿಯೆಟ್ನಾಂನ ಇ-ವೀಸಾ 90 ದಿನಕ್ಕೆ ಸಿಗುತ್ತದೆ, 25 ಡಾಲರ್, ಹೋಗಿ ಬಂದು ಮಾಡುವುದಾದರೆ 50. ಆದರೆ ಅದು ಕೆಲಸದ ವೀಸಾ ಅಲ್ಲ, ಸುತ್ತಿ ಬನ್ನಿ ಅಷ್ಟೇ. ಇದ್ದು ದುಡಿಯೋಕೆ ಮೇಲೆ ಹೇಳಿದ ಡಿಟಿವಿಯನ್ನೇ ನೋಡಿ, ಮಾಡಿದ ಕೆಲಸಗಳ ಪೋರ್ಟ್‌ಫೋಲಿಯೋ ಇದ್ದರೆ ಫ್ರೀಲ್ಯಾನ್ಸ್‌ನವರೂ ಅರ್ಜಿ ಹಾಕಬಹುದು.

ಬೈಕ್ ಆಸೆಗೆ ಸ್ವಲ್ಪ ತಣ್ಣೀರು. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ 1949ರ ಜಿನೀವಾ ಒಪ್ಪಂದದ್ದು. ಥಾಯ್ಲೆಂಡ್‌ನಲ್ಲಿ ನಡೆಯುತ್ತದೆ. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀ ಕೊಡ್ತಾರೆ, ಬಿದ್ದ ಮೇಲೆ ವಿಮೆಯವರು ಲೈಸೆನ್ಸ್ ಕೇಳ್ತಾರೆ. ವಿಯೆಟ್ನಾಂನ ದಾ ನಾಂಗ್ ಊರಲ್ಲಿ ಸಮುದ್ರದ ಹತ್ತಿರವೇ ರೂಮ್ ಹಿಡಿದು ನಡೆದುಕೊಂಡು ಓಡಾಡಿ, ಬೆಟ್ಟದ ದಾರಿಗೆ ಹೋಗಬೇಕು ಅನ್ನಿಸಿದರೆ ಬೈಕ್ ಓಡಿಸೋಕೆ ಅಲ್ಲಿಯವರನ್ನೇ ಗೊತ್ತು ಮಾಡಿಕೊಂಡು ಹಿಂದೆ ಕೂತ್ಕೊಳ್ಳಿ.