ನಾರಾಯಣ ಮೂರ್ತಿ ಬರೀ 10,000 ರೂಪಾಯಿಯಲ್ಲಿ ಇನ್ಫೋಸಿಸ್ ಕಟ್ಟಿದ್ದು ಹೇಗೆ?

ಯಂತ್ರ ಕೊಳ್ಳದೆಯೇ ಕೆಲಸ ಶುರು ಮಾಡಿದ್ದರಿಂದ. 1981ರಲ್ಲಿ ಪುಣೆಯಲ್ಲಿ ಏಳು ಎಂಜಿನಿಯರುಗಳು ಸೇರಿ ಕಂಪನಿ ಆರಂಭಿಸಿದರು. ಪತ್ನಿ ಸುಧಾ ಮೂರ್ತಿ ತಮ್ಮ ಉಳಿತಾಯದಿಂದ ಕೊಟ್ಟ ಆ ಹಣಕ್ಕೆ ಆಗಿನ ಕಾಲದ ಕಂಪ್ಯೂಟರ್ ಬರುವ ಮಾತೇ ಇರಲಿಲ್ಲ.

ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ನೋಡಿ. ಕತ್ತರಿಸಿದ ಬಟ್ಟೆ ಮಾಲೀಕರದ್ದು. ಇವರು ಹೊಲಿದುಕೊಟ್ಟು ಪೀಸಿಗೆ ಇಷ್ಟು ಅಂತ ಕೂಲಿ ತೊಗೊಳ್ತಾರೆ. ಇವರ ಬಂಡವಾಳ ಕೈಯಲ್ಲಿರುವ ಕಸುಬು. ಇನ್ಫೋಸಿಸ್‌ನವರೂ ಹಾಗೆಯೇ. ಸ್ಥಾಪಕರಲ್ಲಿ ಹಲವರು ಅಮೆರಿಕಕ್ಕೆ ಹೋಗಿ, ಗ್ರಾಹಕರ ಕಂಪ್ಯೂಟರಿನಲ್ಲೇ ಅವರಿಗೆ ಬೇಕಾದ ಪ್ರೋಗ್ರಾಂ ಬರೆದುಕೊಟ್ಟರು. ಕೂಲಿ ಡಾಲರಿನಲ್ಲಿ ಬಂತು, ಅದರಿಂದಲೇ ಕಂಪನಿ ಬೆಳೆಯಿತು. ಸ್ವಂತ ಕಂಪ್ಯೂಟರ್ ತರಿಸಲು ಸರ್ಕಾರದ ಆಮದು ಲೈಸೆನ್ಸ್ ಬೇಕಿತ್ತು. ಅದು ಬಂದದ್ದು 1983ರ ಹೊತ್ತಿಗೆ. ಅದೇ ವರ್ಷ ಬೆಂಗಳೂರಿಗೆ ಬಂದರು.

ಆಮೇಲಿನದು ಗೊತ್ತಿರುವ ಕಥೆ: 1991ರ ಉದಾರೀಕರಣದಿಂದ ಲೈಸೆನ್ಸ್ ಕಾಟ ತಗ್ಗಿತು, 1993ರಲ್ಲಿ ಷೇರು ಮಾರುಕಟ್ಟೆ, 1999ರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್.

ಆದರೆ ನನಗೆ ಮುಖ್ಯ ಅನ್ನಿಸುವುದು ಇದಕ್ಕಿಂತ ಹಿಂದಿನ ಒಂದು ಸೋಲು. ಶಿಕ್ಷಕರ ಮಗನಾಗಿ ಹುಟ್ಟಿ, ಮೈಸೂರಿನಲ್ಲೂ ಐಐಟಿ ಕಾನ್ಪುರದಲ್ಲೂ ಓದಿದ ಮೂರ್ತಿ ಮೊದಲು ಕಟ್ಟಿದ್ದು ಸಾಫ್ಟ್ರಾನಿಕ್ಸ್ ಎಂಬ ಕಂಪನಿ. ಸುಮಾರು ಒಂದೂವರೆ ವರ್ಷದಲ್ಲಿ ಮುಚ್ಚಿತು. ಅದು ನೆಚ್ಚಿದ್ದು ಭಾರತದ ಗ್ರಾಹಕರನ್ನು. ಕಂಪ್ಯೂಟರೇ ಅಪರೂಪವಾಗಿದ್ದ ದೇಶದಲ್ಲಿ ಸಾಫ್ಟ್‌ವೇರ್ ಕೊಳ್ಳುವವರು ಎಲ್ಲಿರಬೇಕು? ಎರಡನೇ ಸಲ ಹೊರದೇಶದ ಗ್ರಾಹಕರತ್ತ ನೋಡಿದರು.