ತಾಯಿಯ ಜೀವಕ್ಕೆ ಅಪಾಯ ಇದ್ದರೆ ಗರ್ಭಪಾತಕ್ಕೆ ಹೇಗೂ ಅವಕಾಶ ಇರುತ್ತಲ್ಲ, ಹಾಗಿದ್ದ ಮೇಲೆ ಕಾನೂನು ಬಿಗಿ ಮಾಡಿದರೆ ತೊಂದರೆ ಏನು?

ಮೊದಲು ನನಗೂ ನಿಮ್ಮ ಹಾಗೇ ಅನಿಸುತ್ತಿತ್ತು. ನಾನು ಬೆಳಗಾವಿ ಜಿಲ್ಲೆಯ ಒಂದು ಹೆರಿಗೆ ವಾರ್ಡಿನಲ್ಲಿ 20 ವರ್ಷ ನರ್ಸ್ ಆಗಿದ್ದವಳು. ನನ್ನ ಅಭಿಪ್ರಾಯ ಬದಲಾಗಿದ್ದು ನಮ್ಮ ಊರಿನ ಕಡೆಯ ಒಬ್ಬ ಹೆಣ್ಣುಮಗಳಿಗೆ ಆದದ್ದನ್ನು ನೋಡಿ. ಅವರ ಹೆಸರು ಸವಿತಾ ಹಾಲಪ್ಪನವರ.

ಸವಿತಾ ಬೆಳಗಾವಿಯವರು. ಹಲ್ಲಿನ ಡಾಕ್ಟರ್, 31 ವರ್ಷ. ಗಂಡನ ಜೊತೆ ಐರ್ಲೆಂಡಿನ ಗಾಲ್ವೆಯಲ್ಲಿದ್ದರು. 2012ರ ಅಕ್ಟೋಬರ್ 21, ಭಾನುವಾರ, ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. ಆಗ 17 ವಾರ. ಗರ್ಭ ನಿಲ್ಲುವುದಿಲ್ಲ ಅಂತ ಅವತ್ತೇ ಗೊತ್ತಾಯಿತು. ಆ ರಾತ್ರಿ ಮಗುವಿನ ಸುತ್ತಲಿನ ಚೀಲ ಒಡೆದು ನೀರೂ ಹೋಯಿತು. ಮಗು ಉಳಿಯಲ್ಲ ಅಂದಮೇಲೆ ತೆಗೆದುಬಿಡಿ ಅಂತ ಗಂಡ ಹೆಂಡತಿ ಕೇಳಿಕೊಂಡರು. ಮಗುವಿನ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ (ಆ ಚರ್ಚು ಗರ್ಭಪಾತ ಒಪ್ಪುವುದಿಲ್ಲ) ಎಂಬ ಮಾತೂ ಬಂತು. ಅದನ್ನು ಆಡಿದ ಮಿಡ್‌ವೈಫ್ ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಬುಧವಾರದ ಹೊತ್ತಿಗೆ ನಂಜು ರಕ್ತಕ್ಕೆ ಏರಿತ್ತು. ಅವತ್ತೇ ಮಗು ತಾನಾಗಿ ಹೊರಬಂತು, ಜೀವ ಇರಲಿಲ್ಲ. 28ರ ಭಾನುವಾರ ಸವಿತಾ ತೀರಿಕೊಂಡರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಹೇಳುವ ವಿನಾಯಿತಿ ಐರ್ಲೆಂಡಿನಲ್ಲಿ ಇತ್ತು. 1983ರಲ್ಲಿ ತಾಯಿಗೂ ಹುಟ್ಟದ ಮಗುವಿಗೂ ಬದುಕುವ ಹಕ್ಕು ಸಮ ಅಂತ ಸಂವಿಧಾನದಲ್ಲಿ ಬರೆದರು. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತಾಯಿಯ ಜೀವಕ್ಕೆ ನಿಜವಾದ ಅಪಾಯ ಇದ್ದರೆ ಗರ್ಭಪಾತ ಮಾಡಬಹುದು ಅಂತ ಹೇಳಿತು. ಆದರೆ ಎಷ್ಟು ಅಪಾಯ ಆದರೆ ಅದು ಅಪಾಯ? ಅದನ್ನು ಬಿಡಿಸಿ ಹೇಳುವ ಕಾನೂನನ್ನು 20 ವರ್ಷ ಯಾರೂ ಮಾಡಲಿಲ್ಲ. ತಪ್ಪಿದರೆ ಜೈಲು. ಹಾಗಾಗಿ ಡಾಕ್ಟರು ಕಾಯುತ್ತಾರೆ.

ಆ ಕಾಯುವುದು ಏನು ಅಂತ ವಾರ್ಡಿನಲ್ಲಿ ಇದ್ದವರಿಗೆ ಗೊತ್ತು. ನೀರು ಹೋದ ಮೇಲೆ ಗರ್ಭದ ಬಾಗಿಲು ತೆರೆದಿಟ್ಟ ಹಾಗೆ. ನಾವು ನಾಲ್ಕು ಗಂಟೆಗೊಮ್ಮೆ ಜ್ವರ, ನಾಡಿ, ಬಿಪಿ ನೋಡಿ ಬರೆಯುತ್ತೇವೆ. ಮೊದಲು ನಾಡಿ ಓಡಲು ಶುರು ಆಗುತ್ತದೆ. ಆಮೇಲೆ ಚಳಿ, ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತದೆ. ಪ್ಯಾಡ್ ಬದಲಿಸುವಾಗ ಕೆಟ್ಟ ವಾಸನೆ. ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ "ಸಿಸ್ಟರ್, ಮನೆಗೆ ಯಾವಾಗ ಬಿಡ್ತೀರಿ" ಅಂತ ಕೇಳಿದ ಹೆಂಗಸು ಸಂಜೆಗೆ ಕರೆದರೂ ಕಣ್ಣು ಬಿಡದೆ ಮಲಗಿರುವುದನ್ನು ನಾನೇ ನೋಡಿದ್ದೇನೆ. ಆರೋಗ್ಯಕ್ಕೆ ಅಪಾಯ, ಜೀವಕ್ಕೆ ಅಪಾಯ ಅಂತ ಕಾನೂನು ಎರಡು ಮಾಡಿ ಬರೆಯಬಹುದು. ಮೈಯಲ್ಲಿ ಅವೆರಡರ ನಡುವೆ ಇರುವುದು ಕೆಲವೇ ಗಂಟೆ.

ಸವಿತಾ ಅವರ ಆರೈಕೆಯಲ್ಲಿ ಬೇರೆ ತಪ್ಪುಗಳೂ ಆಗಿದ್ದವು. ರಕ್ತ ಪರೀಕ್ಷೆಯ ಫಲಿತಾಂಶವನ್ನು ಸಮಯಕ್ಕೆ ನೋಡಲಿಲ್ಲ, ನಾಲ್ಕು ಗಂಟೆಗೊಮ್ಮೆ ಮಾಡಬೇಕಾದ ತಪಾಸಣೆ ಸರಿಯಾಗಿ ಆಗಲಿಲ್ಲ. ಅದನ್ನು ಮುಚ್ಚಿಟ್ಟು ಎಲ್ಲವನ್ನೂ ಕಾನೂನಿನ ಮೇಲೆ ಹಾಕುವುದು ಸರಿಯಲ್ಲ. ಆದರೆ ಎದೆಬಡಿತ ನಿಲ್ಲಲಿ ಅಂತ ಕಾದದ್ದು, ಕಾನೂನಿನ ಗೊಂದಲ, ಎರಡೂ ಕಾರಣ ಅಂತ ತನಿಖಾ ವರದಿಯೇ ಹೇಳಿದೆ.

ಇದು ಒಂದೇ ದೇಶದ ಕಥೆಯೂ ಅಲ್ಲ. ಪೋಲೆಂಡಿನಲ್ಲಿ 2020ರಲ್ಲಿ ನಿಯಮ ಇನ್ನಷ್ಟು ಬಿಗಿ ಆಯಿತು. ಮರುವರ್ಷ 30 ವರ್ಷದ ಹೆಂಗಸೊಬ್ಬರು 22ನೇ ವಾರದಲ್ಲಿ ನೀರು ಹೋಗಿ, ಹೀಗೇ ನಂಜೇರಿ ಸತ್ತರು. ಅಲ್ಲೂ ಜೀವಕ್ಕೆ ಅಪಾಯ ಇದ್ದರೆ ವಿನಾಯಿತಿ ಇತ್ತು. ರೊಮೇನಿಯಾ ಇನ್ನೂ ಹಳೆಯದು. 1966ರಲ್ಲಿ ಗರ್ಭಪಾತಕ್ಕೆ ನಿಷೇಧ ಹಾಕಿದರು. ಹೆಂಗಸರು ಕದ್ದು ಮಾಡಿಸಿಕೊಂಡು ಸಾವಿರಗಟ್ಟಲೆ ಸತ್ತರು. 1989ರ ಕೊನೆಗೆ ನಿಷೇಧ ತೆಗೆದ ಮೇಲೆ ಒಂದೇ ವರ್ಷದಲ್ಲಿ ತಾಯಂದಿರ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಐರ್ಲೆಂಡ್ 2018ರ ಮೇ 25ರಂದು ಮತ ಹಾಕಿ ಆ 1983ರ ಸಾಲನ್ನು ಅಳಿಸಿತು. ಶೇಕಡಾ 66ಕ್ಕಿಂತ ಜಾಸ್ತಿ ಜನ ಅಳಿಸಿ ಅಂದರು. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಸವಿತಾ ಮುಖ ಬರೆದಿದ್ದರು. ಜನ ಬಂದು ಚೀಟಿಗಳಲ್ಲಿ ಕ್ಷಮೆ ಕೇಳಿ ಆ ಗೋಡೆಗೆ ಅಂಟಿಸಿ ಹೋದರು. ಆ ಫೋಟೋ ನೋಡಿದಾಗ ನನಗೆ ಅಳು ತಡೆಯಲಾಗಲಿಲ್ಲ.

ನಮ್ಮಲ್ಲಿ ಕಾನೂನು 1971ರಿಂದಲೇ ಇದೆ, 2021ರಲ್ಲಿ ಇನ್ನೂ ಸಡಿಲ ಆಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದು ಬೇಕು. ಮದುವೆ ಆಗದವರಿಗೂ ಇದೇ ಹಕ್ಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ನಮ್ಮ ಹೆಂಗಸರು ಕಾಯುತ್ತಾರೆ. ಒಬ್ಬಾಕೆ, ಎರಡು ಮಕ್ಕಳ ತಾಯಿ, ಗರ್ಭ ತೆಗೆಸಲು ಬೇರೆ ಆಸ್ಪತ್ರೆಗೆ ಹೋದಾಗ ಗಂಡನ ಸಹಿ ತನ್ನಿ ಅಂದರಂತೆ. ಗಂಡ ಗೋವಾದಲ್ಲಿ ಕೂಲಿಗೆ ಹೋಗಿದ್ದ. ವಾಪಸ್ ಹೋಗಿ, ಮೆಡಿಕಲ್ ಶಾಪಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಗರ್ಭಪಾತದ ಮಾತ್ರೆ ತಗೊಂಡು ನುಂಗಿದಳು. ನಮ್ಮ ಹತ್ತಿರ ಬಂದಾಗ ಸೀರೆ, ಒಳಲಂಗ ಎಲ್ಲ ತೊಯ್ದಿತ್ತು. ಕೈಯಲ್ಲಿ ಖಾಲಿ ಮಾತ್ರೆ ಹಾಳೆ ಮುದುರಿ ಹಿಡಿದುಕೊಂಡಿದ್ದಳು, ಬಿಡಿಸಿ ನೋಡಬೇಕಾಯಿತು. ಎರಡು ಬಾಟಲಿ ರಕ್ತ ಕೊಟ್ಟೆವು. ಉಳಿದಳು. ಆ ಸಹಿ ಬೇಕೇ ಇರಲಿಲ್ಲ. 18 ತುಂಬಿದವಳಿಗೆ ಅವಳ ಸಹಿಯೇ ಸಾಕು.

ನಿಮಗೆ ಗೊತ್ತಿರುವ ಯಾರಿಗಾದರೂ ಬೇಕಾಗಿ ಈ ಪ್ರಶ್ನೆ ಕೇಳಿದ್ದರೆ, ಇಷ್ಟು ಹೇಳಿ. ಮುಟ್ಟು ನಿಂತ ಕೂಡಲೇ ಡಾಕ್ಟರ ಹತ್ತಿರ ಹೋಗಲಿ, ಮಾತ್ರೆಯಿಂದಲೇ ಆಗುವುದು ಶುರುವಿನ ವಾರಗಳಲ್ಲಿ. ಗರ್ಭವು ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡಲ್ಲ, ಅದಕ್ಕೇ ಪರೀಕ್ಷೆ ಮಾಡಿಸಬೇಕು. ಈಗಾಗಲೇ ತಗೊಂಡಿದ್ದರೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ದು ಎರಡು ಗಂಟೆ ಹಾಗೇ ಹೋದರೆ, ಜ್ವರ ಇಳಿಯದಿದ್ದರೆ, ವಾಸನೆ ಬಂದರೆ, ತಲೆ ಸುತ್ತಿದರೆ ರಾತ್ರಿ ಆದರೂ ಸರಿ, ಆಸ್ಪತ್ರೆಗೆ ಹೋಗಲಿ. ಯಾವ ಮಾತ್ರೆ, ಯಾವತ್ತು ತಗೊಂಡೆ ಅಂತ ಮುಚ್ಚಿಡದೆ ಹೇಳಲಿ. ಅವಳ ಹೆಸರನ್ನು ಡಾಕ್ಟರು ಹೊರಗೆ ಹೇಳುವ ಹಾಗಿಲ್ಲ, ಹೇಳಿದರೆ ಅವರಿಗೇ ಒಂದು ವರ್ಷದವರೆಗೆ ಜೈಲು ಆಗಬಹುದು.